ಪತ್ರ ಇದೆ, ಸಿಗುತ್ತಿಲ್ಲ: ಮಲೆನಾಡಿನ ವ್ಯವಹಾರದಲ್ಲಿ ಕರಾರುಗಳ ಹುಡುಕಾಟ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯ, ಇತಿಹಾಸ, ಧರ್ಮ ಇಂಥ ವಿಷಯಗಳನ್ನು ಆರಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ನಾನು ಇವತ್ತು ಮಾತಾಡಲು ಆರಿಸಿಕೊಂಡಿರುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ, ಸೊಸೈಟಿಯ ಬೀರುವಿನಲ್ಲಿ, ತೋಟದ ಮನೆಯ ಅಟ್ಟದಲ್ಲಿ ಇರುವ ಕರಾರು ಪತ್ರಗಳ ಬಗ್ಗೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ನಡುಮಟ್ಟದ ಯಾವ ವ್ಯವಹಾರಸ್ಥರ ಮನೆಯನ್ನಾದರೂ ನೋಡಿ. ತೋಟದ ಮೇಲೆ ಬ್ಯಾಂಕಿನ ಅಡಮಾನ ಇರುತ್ತದೆ. ಅಡಿಕೆ ಫಸಲಿನ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಒಬ್ಬರಿಗೆ, ಕಾಳುಮೆಣಸಿನದು ಇನ್ನೊಬ್ಬರಿಗೆ. ಗುಡ್ಡದ ತುದಿಯ ಜಾಗ ಮೊಬೈಲ್ ಟವರಿಗೆ ಲೀಸು. ಪೇಟೆಯಲ್ಲಿ ಎರಡು ಮಳಿಗೆ ಬಾಡಿಗೆಗೆ. ಹೋಂಸ್ಟೇ ಇದ್ದರೆ ಬುಕಿಂಗ್ ಕಂಪನಿಯ ಜೊತೆ ಒಂದು ಒಪ್ಪಂದ. ಅಣ್ಣ ತಮ್ಮಂದಿರ ಪಾಲುಪಟ್ಟಿ, ಪಿಕಪ್ಪಿನ ಸಾಲ, ಬೆಳೆ ವಿಮೆ, ಜಾಮೀನು ನಿಂತ ಕಾಗದ. ಇವೆಲ್ಲ ಮನೆಯಲ್ಲೇ ಇವೆ. ಬೇಕಾದ ದಿನ ಮಾತ್ರ ಕೈಗೆ ಸಿಗುವುದಿಲ್ಲ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರವನ್ನು ಜೋಪಾನ ಮಾಡುವುದು ಒಂದು ಕೆಲಸ, ಅದು ಮತ್ತೆ ಸಿಗುವಂತೆ ಮಾಡುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಮಲೆನಾಡಿನವರು ಗಟ್ಟಿಗರು. ಎರಡನೆಯದನ್ನು ಪತ್ರ ಬೀರುವಿಗೆ ಹೋಗುವ ದಿನವೇ ಮಾಡಬೇಕು. ಆಮೇಲೆ ಯಾವ ಯಂತ್ರ ತಂದರೂ ಅರ್ಧ ಕೆಲಸವೇ ಆಗುತ್ತದೆ. ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ, ಶೃಂಗೇರಿಯೇ ಸಾಕು.

1346ರಲ್ಲಿ ವಿಜಯನಗರದ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿ ಮಠದ ಗುರು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟುಕೊಟ್ಟದ್ದನ್ನು ಹೇಳುವ ಶಾಸನ ಶೃಂಗೇರಿಯಲ್ಲಿದೆ. ಇಂಥ ದಾನಶಾಸನಗಳಲ್ಲಿ ಏನೇನು ಇರುತ್ತದೆ ಎಂದು ಗಮನಿಸಿ: ಯಾವ ದಿನ, ಕೊಟ್ಟವರು ಯಾರು, ಪಡೆದವರು ಯಾರು, ಯಾವ ಊರಿನ ಯಾವ ಭೂಮಿ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು. ಇವತ್ತು ನಮ್ಮ ಪತ್ರಬರಹಗಾರರು ಕ್ರಯಪತ್ರದ ಕೊನೆಯಲ್ಲಿ ಬರೆಯುವ ಷೆಡ್ಯೂಲು, ಚಕ್ಕುಬಂದಿ ಅದೇ ಕಟ್ಟಿನಲ್ಲಿ ನಡೆದುಬಂದಿವೆ. ಆರೂವರೆ ಶತಮಾನಕ್ಕೂ ಹೆಚ್ಚು ಕಾಲ ಒಂದು ವ್ಯವಹಾರವನ್ನು ಗುರುತಿಸಲು ಜನ ಕೇಳಿದ ಪ್ರಶ್ನೆಗಳು ಬದಲಾಗಲಿಲ್ಲ.

ಆದರೆ ಶಾಸನ ಕಲ್ಲಿನಲ್ಲಿ ಇದ್ದಷ್ಟಕ್ಕೇ ಹುಡುಕುವವರಿಗೆ ಸಿಗಲಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ, ಅಂದರೆ ಆಗಿನ ಕಡೂರು ಜಿಲ್ಲೆಯ ಸಂಪುಟ, 1901ರಲ್ಲಿ ಬಂತು. ರೈಸ್ ಮಾಡಿದ ದೊಡ್ಡ ಉಪಕಾರ ಪಾಠವನ್ನು ಅಚ್ಚು ಹಾಕಿಸಿದ್ದು ಮಾತ್ರವಲ್ಲ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆ ಕೊಟ್ಟದ್ದು. ಶೃಂಗೇರಿ ಇಷ್ಟನೆಯದು, ಕೊಪ್ಪ ಇಷ್ಟನೆಯದು ಎಂದರೆ ಜಗತ್ತಿನ ಯಾವ ಮೂಲೆಯಲ್ಲಿ ಕೂತ ಸಂಶೋಧಕರೂ ಅದೇ ಶಾಸನವನ್ನು ತೆಗೆಯುತ್ತಾರೆ. ಪತ್ರಕ್ಕೆ ಒಂದು ಶಾಶ್ವತ ವಿಳಾಸ ಸಿಕ್ಕಿತು. ನಮ್ಮ ಸೊಸೈಟಿಗಳಲ್ಲಿ ಎಷ್ಟು ಕರಾರುಗಳಿಗೆ ಹೀಗೆ ಬದಲಾಗದ ಒಂದು ಸಂಖ್ಯೆ ಇದೆ, ನೀವೇ ಯೋಚಿಸಿ.

ಶೃಂಗೇರಿ ಮಠದ ಕಡತಗಳ ಕತೆ ಇದಕ್ಕಿಂತ ಹತ್ತಿರದ್ದು. ಕಡತ ಎಂದರೆ ಈಗ ನಾವು ಸರ್ಕಾರಿ ಫೈಲಿಗೆ ಹೇಳುವ ಮಾತು. ಹಿಂದೆ ಅದು ಒಂದು ವಸ್ತು: ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠದ ಲೆಕ್ಕ, ಭೂಮಿಯ ಗೇಣಿ, ಅರಸರ ಜೊತೆಗಿನ ಪತ್ರವ್ಯವಹಾರ ಎಲ್ಲವೂ ಅಲ್ಲಿ ಪೀಳಿಗೆಗಳ ಕಾಲ ಉಳಿದವು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಬೆವರುವ ಊರಿನಲ್ಲಿ ಬಟ್ಟೆ, ಕಾಗದ ಉಳಿಸುವುದು ಎಷ್ಟು ಶ್ರಮದ ಕೆಲಸ ಎಂದು ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು, ಕರ್ಣಾಟಕ ಕವಿಚರಿತೆಯನ್ನು ಬರೆದ ಅದೇ ವಿದ್ವಾಂಸರು, ಮಠದ ದಾಖಲೆಗಳ ನಡುವೆ ಟಿಪ್ಪು ಸುಲ್ತಾನನ ಸುಮಾರು 30 ಕನ್ನಡ ಪತ್ರಗಳನ್ನು ಗುರುತಿಸಿದರು. 1791ರಲ್ಲಿ ಮರಾಠಾ ಸೇನೆಯ ಕಡೆಯವರು ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಜಗದ್ಗುರುಗಳಿಗೆ ಬರೆದ ಪತ್ರಗಳು ಅದರಲ್ಲಿದ್ದವು. ನೂರಿಪ್ಪತ್ತೈದು ವರ್ಷ ಆ ಪತ್ರಗಳು ಎಲ್ಲೂ ಕಳೆದುಹೋಗಿರಲಿಲ್ಲ. ಮಠ ಅವನ್ನು ಕಾಪಾಡಿತ್ತು. ಆದರೂ ಪಟ್ಟಿ ಮಾಡಿ, ದಿನಾಂಕ ಹಚ್ಚಿ, ಯಾರಿಗೆ ಯಾರು ಯಾತಕ್ಕಾಗಿ ಬರೆದರು ಎಂದು ಇಲಾಖೆಯ ವರದಿಯಲ್ಲಿ ಬರೆದ ಮೇಲೆ ತಾನೇ ನಾಡಿಗೆ ಅವು ಇರುವುದು ಗೊತ್ತಾದದ್ದು? ಮುಂದೆ ಎ.ಕೆ. ಶಾಸ್ತ್ರಿಯವರು ಶೃಂಗೇರಿಯ ಚರಿತ್ರೆ ಬರೆದಾಗಲೂ ಕಡತಗಳನ್ನು ಆಯ್ದು ಪ್ರಕಟಿಸಿದಾಗಲೂ ಆ ಸಂಪತ್ತು ಓದುವವರ ಕೈಗೆ ಇನ್ನಷ್ಟು ಹತ್ತಿರ ಬಂತು. ಕಾಪಾಡಿದವರಿಗೂ ಪಟ್ಟಿ ಮಾಡಿದವರಿಗೂ ನಾವು ಸಮನಾಗಿ ಋಣಿಗಳು.

ಇನ್ನು ನಮ್ಮ ಕಾಲದ ಪತ್ರಗಳಿಗೆ ಬರೋಣ. ಭಾರತದಲ್ಲಿ ಕರಾರುಗಳನ್ನು ಹುಡುಕಲು ಕಟ್ಟಿದ ಬಹು ದೊಡ್ಡ ವ್ಯವಸ್ಥೆಯೊಂದು ನಮ್ಮ ಉಪನೋಂದಣಾಧಿಕಾರಿಯ ಕಚೇರಿಯಲ್ಲಿದೆ. 1908ರ ನೋಂದಣಿ ಕಾಯ್ದೆ ಪತ್ರವನ್ನು ಪುಸ್ತಕಕ್ಕೆ ನಕಲು ಮಾಡಿ ಸುಮ್ಮನಾಗಲಿಲ್ಲ. 55ನೇ ಕಲಮಿನಲ್ಲಿ ಸೂಚಿಗಳನ್ನು ಇಡಬೇಕೆಂದು ವಿಧಿಸಿತು. ಒಂದನೇ ಸೂಚಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಮೇಲೆ. ಎರಡನೇ ಸೂಚಿ ಆಸ್ತಿಯ ಮೇಲೆ. ಹೆಸರು ಗೊತ್ತಿದ್ದು ಜಮೀನು ಗೊತ್ತಿಲ್ಲದವರು ಮೊದಲನೆಯದನ್ನು ತೆಗೆಯಲಿ, ಜಮೀನು ಗೊತ್ತಿದ್ದು ಹೆಸರು ಗೊತ್ತಿಲ್ಲದವರು ಎರಡನೆಯದನ್ನು ತೆಗೆಯಲಿ. ಸ್ಥಿರಾಸ್ತಿಯ ಪತ್ರಗಳ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು ಎಂದು 57ನೇ ಕಲಮು ಹೇಳಿತು. ನೂರು ವರ್ಷಕ್ಕೂ ಹಿಂದೆ, ಮಸಿಕುಡಿಕೆ ಮತ್ತು ಟಾಕಿನ ಕಾಲದಲ್ಲಿ, ಹುಡುಕುವವರು ಯಾವ ಬಾಗಿಲಿನಿಂದ ಬರುತ್ತಾರೆ ಎಂದು ಮೊದಲೇ ಊಹಿಸಿ ಎರಡು ಬಾಗಿಲು ಇಟ್ಟ ಕಾಯ್ದೆ ಅದು. ಅದನ್ನು ಬರೆದವರ ಮುಂದಾಲೋಚನೆಗೆ ನಾನು ತಲೆಬಾಗುತ್ತೇನೆ.

ನಾವು ಇವತ್ತು ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರ ಆ ಸೂಚಿಗಳ ಫಲ. 2004ರಿಂದ ಈಚಿನ ನೋಂದಣಿಗಳು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನದಕ್ಕೆ ಬಹುಮಟ್ಟಿಗೆ ಹಳೆಯ ಸೂಚಿ ಪುಸ್ತಕಗಳನ್ನೇ ತಿರುವಬೇಕು. ಪಹಣಿಯ ಮಟ್ಟಿಗೆ ಭೂಮಿ ಯೋಜನೆ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಈ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ, ಅದನ್ನು ಅಭಿಮಾನದಿಂದ ಹೇಳಬೇಕು.

ಆದರೆ ಈ ಸರ್ಕಾರಿ ಸೂಚಿಯೊಳಗೆ ನಮ್ಮ ವ್ಯವಹಾರದ ಎಷ್ಟು ಪಾಲು ಬರುತ್ತದೆ? ಇದು ಇವತ್ತಿನ ಮುಖ್ಯ ಪ್ರಶ್ನೆ.

ಒಂದು ವರ್ಷಕ್ಕೆ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಅದಕ್ಕೇ ಪೇಟೆಯ ಮಳಿಗೆಗಳ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಆಗುತ್ತದೆ. ಅದು ಸೂಚಿಗೆ ಹೋಗುವುದಿಲ್ಲ. ಇನ್ನು ಚೇಣಿ. ಮೂರು ತಾಲ್ಲೂಕಿನಲ್ಲಿ ಪ್ರತಿ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಆಗುವ ವ್ಯವಹಾರಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನಾವುದಿದೆ? ತೋಟದ ಯಜಮಾನರು ಮರದ ಮೇಲಿನ ಕೊನೆಗಳನ್ನು ಚೇಣಿದಾರರಿಗೆ ಕೊಡುತ್ತಾರೆ. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಯಾರ ಪಾಲು, ಒಂದು ಕ್ವಿಂಟಲ್ ಹಸಿ ಅಡಿಕೆಗೆ ಎಷ್ಟು ಕಿಲೋ ಒಣ ಅಡಿಕೆ ಕೊಡಬೇಕು, ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳು ಹೇಗೆ ಲೆಕ್ಕ, ಮುಂಗಡ ಎಷ್ಟು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ನೋಂದಣಿ ಕಾಯ್ದೆಯ ವ್ಯಾಖ್ಯೆಯಲ್ಲಿ ಬೆಳೆದು ನಿಂತ ಪೈರು, ಮರದ ಮೇಲಿನ ಹಣ್ಣು ಕಾಯಿ ಚರಾಸ್ತಿಯ ಸಾಲಿಗೆ ಸೇರುತ್ತವೆ. ಹಾಗಾಗಿ ಅಡಿಕೆ ಫಸಲಿನ ಚೇಣಿಗೆ ನೋಂದಣಿ ಬೇಕಾಗಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ಏನೂ ತಪ್ಪಿಲ್ಲ. ಹುಡುಕುವವರ ದೃಷ್ಟಿಯಲ್ಲಿ ಅದರ ಪರಿಣಾಮ ದೊಡ್ಡದು: ನಮ್ಮ ನಾಡಿನ ಅತಿ ಮುಖ್ಯ ವಾರ್ಷಿಕ ಕರಾರು ಯಾವ ಸಾರ್ವಜನಿಕ ಸೂಚಿಯಲ್ಲೂ ಇಲ್ಲ. ಅದು ಇರುವುದು ಇಬ್ಬರ ಮನೆಯಲ್ಲಿ, ಛಾಪಾ ಕಾಗದದಲ್ಲೋ ನೋಟ್‌ಬುಕ್ಕಿನ ಹಾಳೆಯಲ್ಲೋ ಮೊಬೈಲಿನ ಫೋಟೋದಲ್ಲೋ. ಎಷ್ಟೋ ಕಡೆ ಬರೀ ಬಾಯಿಮಾತಿನಲ್ಲಿ.

ಬಾಯಿಮಾತನ್ನು ನಾನು ಹಗುರ ಮಾಡುತ್ತಿಲ್ಲ. ಮಾತಿಗೆ ತಪ್ಪದ ಜನ ಇಲ್ಲಿ ಈಗಲೂ ಇದ್ದಾರೆ. ಆದರೆ ಮಳೆ ಹೆಚ್ಚಾಗಿ ಕೊಳೆ ರೋಗ ಬಂದು ಕಾಯಿ ಉದುರಿದ ವರ್ಷ, ನಷ್ಟ ಯಾರಿಗೆ ಎಂದು ಎರಡೂ ಕಡೆಯವರಿಗೆ ಪ್ರಾಮಾಣಿಕವಾಗಿಯೇ ಬೇರೆ ಬೇರೆ ನೆನಪಿರುತ್ತದೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ತೋಟಗಳನ್ನು ಹಿಂಡುತ್ತಿರುವ ಈ ದಿನಗಳಲ್ಲಿ ಎರಡು ಮೂರು ವರ್ಷದ ಚೇಣಿ ಮಾಡಿಕೊಂಡವರಿಗೆ ಆ ಒಂದು ವಾಕ್ಯ ಲಕ್ಷಾಂತರ ರೂಪಾಯಿಯ ಪ್ರಶ್ನೆ. ಆ ವಾಕ್ಯ ಬರೆದದ್ದು ಹೌದು, ಹಾಳೆ ಎಲ್ಲಿದೆ ಎಂಬಲ್ಲಿಗೆ ಮಾತು ನಿಂತರೆ ಬರೆದು ಏನು ಪ್ರಯೋಜನ?

ಪತ್ರ ಸಕಾಲಕ್ಕೆ ಸಿಗದಿದ್ದರೆ ಕಾನೂನು ಕಾಯುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕರಾರು ಮುರಿದ ದಾವೆಗೆ, ಕೈಸಾಲದ ದಾವೆಗೆ ಮೂರು ವರ್ಷ. ಅವಧಿ ಮುಗಿಯುವ ಮುಂಚೆ ಸಾಲಗಾರರು ಬಾಕಿ ಇದೆ ಎಂದು ಬರೆದು ಸಹಿ ಹಾಕಿಕೊಟ್ಟರೆ ಹೊಸ ಅವಧಿ ಶುರುವಾಗುತ್ತದೆ, ಮುಗಿದ ಮೇಲೆ ಬರೆದುಕೊಟ್ಟರೆ ಆಗುವುದಿಲ್ಲ. ಆದ್ದರಿಂದ ವರ್ತಕರು ಹುಡುಕಬೇಕಾದದ್ದು ಪತ್ರವನ್ನಷ್ಟೇ ಅಲ್ಲ, ಅದರೊಳಗಿನ ಕೊನೆಯ ದಿನಾಂಕವನ್ನು. ಇನ್ನೊಂದು ಕಡೆ, 1872ರ ಸಾಕ್ಷ್ಯ ಕಾಯ್ದೆಯ 90ನೇ ಕಲಮು ಮೂವತ್ತು ವರ್ಷ ಹಳೆಯ ಪತ್ರ ಸರಿಯಾದ ವಶದಿಂದ ಬಂದಿದ್ದರೆ ಅದರ ಸಹಿ, ಬರವಣಿಗೆಯನ್ನು ನಿಜವೆಂದು ಭಾವಿಸಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಪತ್ರ ಇಷ್ಟು ದಿನ ಎಲ್ಲಿತ್ತು, ಯಾರ ಬಳಿ ಇತ್ತು ಎಂದು ನ್ಯಾಯಾಲಯ ಕೇಳುತ್ತದೆ. ಇಟ್ಟ ಜಾಗವನ್ನು ಬರೆದಿಡುವುದೂ ಸಾಕ್ಷ್ಯದ ಭಾಗವೇ.

ಸರಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ, ಬೇಕಾದ ಪದ ಕೊಟ್ಟು ಹುಡುಕಿದರಾಯಿತು ಎಂದು ಯುವಕರು ಕೇಳುತ್ತಾರೆ. ಈ ನಂಬಿಕೆಯನ್ನು ಪರೀಕ್ಷೆ ಮಾಡಿದವರಿದ್ದಾರೆ. 1985ರಲ್ಲಿ ಡೇವಿಡ್ ಬ್ಲೇರ್ ಮತ್ತು ಎಂ.ಇ. ಮ್ಯಾರನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಒಂದು ದೊಡ್ಡ ಮೊಕದ್ದಮೆಯ ದಾಖಲೆಗಳ ಮೇಲೆ ಅಧ್ಯಯನ ಪ್ರಕಟಿಸಿದರು. ಸುಮಾರು 40,000 ದಾಖಲೆ, ಸುಮಾರು 3,50,000 ಪುಟ, ಎಲ್ಲವೂ ಐಬಿಎಂ ಕಂಪನಿಯ ಹುಡುಕು ತಂತ್ರಾಂಶದಲ್ಲಿ. ವಕೀಲರಿಗೆ ಬೇಕಾದ ಪತ್ರಗಳಲ್ಲಿ ನೂರಕ್ಕೆ 75ರಷ್ಟಾದರೂ ಸಿಗಬೇಕಿತ್ತು, ಅಷ್ಟು ಸಿಕ್ಕಿದೆ ಎಂದೇ ಅವರು ನಂಬಿದ್ದರು. ಅಳೆದು ನೋಡಿದರೆ ಸಿಕ್ಕದ್ದು ಸರಾಸರಿ 20ರ ಆಸುಪಾಸು. ಕಾರಣವನ್ನು ಕೇಳಿ: ಒಂದು ಅಪಘಾತವನ್ನು ಒಂದು ಕಡೆಯವರು ಅಪಘಾತ ಎಂದು ಬರೆದಿದ್ದರು, ಇನ್ನೊಂದು ಕಡೆಯವರು ಘಟನೆ, ಸನ್ನಿವೇಶ, ತೊಂದರೆ ಎಂದೆಲ್ಲ ಬರೆದಿದ್ದರು. ಯಂತ್ರ ಕೊಟ್ಟ ಪದವನ್ನು ಮಾತ್ರ ಹುಡುಕಿತು. ವಕೀಲರು ದಡ್ಡರಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಸಿಗದೆ ಹೋದದ್ದು ಏನು ಎಂದು ಹುಡುಕುವವರಿಗೆ ಕಾಣುವುದೇ ಇಲ್ಲ, ಅದೇ ಈ ಕೆಲಸದ ದೊಡ್ಡ ಅಪಾಯ.

ಆ ಅಧ್ಯಯನವನ್ನು ನಮ್ಮ ಊರಿಗೆ ತಂದು ನೋಡಿ. ಒಂದೇ ಬಗೆಯ ವ್ಯವಹಾರಕ್ಕೆ ನಮ್ಮ ಪತ್ರಗಳಲ್ಲಿ ಗೇಣಿ, ಗುತ್ತಿಗೆ, ಲೀಸು, ಬಾಡಿಗೆ, ಭೋಗ್ಯ ಎಂದು ಬರೆದವರ ರೂಢಿಯಂತೆ ಮಾತು ಬದಲಾಗುತ್ತದೆ. ಊರಿನ ಹೆಸರುಗಳಂತೂ ಇನ್ನೂ ಕಷ್ಟ. ಎಡೆಹಳ್ಳಿ ಎಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಲ್ಲಿ ನರಸಿಂಹರಾಜಪುರ ಆಯಿತು. ಈಗ ಅರ್ಧ ಪತ್ರಗಳಲ್ಲಿ ಎನ್.ಆರ್. ಪುರ. ಮೂರು ಹೆಸರು, ಒಂದೇ ಊರು. 1947ಕ್ಕೆ ಹಿಂದಿನ ಪತ್ರಗಳಲ್ಲಿ ಜಿಲ್ಲೆ ಕಡೂರು, ಈಚಿನದರಲ್ಲಿ ಚಿಕ್ಕಮಗಳೂರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಆದಾಗ ನರಸಿಂಹರಾಜಪುರ ತಾಲ್ಲೂಕಿನ ಹಳ್ಳಿಗಳು ಹಿನ್ನೀರಿಗೆ ಹೋದವು. ಆ ಕುಟುಂಬಗಳ ಹಳೆಯ ಪತ್ರಗಳಲ್ಲಿರುವ ಗ್ರಾಮದ ಹೆಸರು, ಸರ್ವೆ ನಂಬರು ಈಗ ನೆಲದ ಮೇಲೆ ಇಲ್ಲ. ಜನರ ಹೆಸರನ್ನೇ ತೆಗೆದುಕೊಳ್ಳಿ: ರಾವ್, ರಾಯ, ಭಟ್ಟ, ಗೌಡ, ನಾಯ್ಕ ಇವು ಒಮ್ಮೆ ಸೇರುತ್ತವೆ, ಒಮ್ಮೆ ಬಿಡುತ್ತವೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ.

ಕನ್ನಡದ ಸ್ವಭಾವವೂ ಸೇರುತ್ತದೆ. ನಾಮಪದಕ್ಕೆ ವಿಭಕ್ತಿ ಅಂಟಿಕೊಳ್ಳುವ ಭಾಷೆ ನಮ್ಮದು. ಶೃಂಗೇರಿಗೆ, ಶೃಂಗೇರಿಯಿಂದ, ಶೃಂಗೇರಿಯಲ್ಲಿನ ಎಂದು ಪದದ ಬಾಲ ಬದಲಾದರೆ ಅಕ್ಷರಶಃ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಕನ್ನಡ ಅಂಕಿಯಲ್ಲಿ ಬರೆದ ಸರ್ವೆ ನಂಬರನ್ನು ಇಂಗ್ಲಿಷ್ ಅಂಕಿಯಲ್ಲಿ ಹುಡುಕಿದರೆ ಸಿಗದಿರಬಹುದು. ಇದಕ್ಕಿಂತ ದೊಡ್ಡ ತೊಡಕು ಹಳೆಯ ನುಡಿ, ಬರಹ ಫಾಂಟುಗಳದು. ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ ಬೆರಳಚ್ಚು ಮಾಡಿದ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಾಣುತ್ತವೆ, ಒಳಗೆ ಅವು ಇಂಗ್ಲಿಷ್ ಅಕ್ಷರಗಳ ಚೂರುಗಳು. ಇವತ್ತಿನ ಮೊಬೈಲಿನಿಂದ ಚೇಣಿ ಎಂದು ಕನ್ನಡದಲ್ಲಿ ಬರೆದು ಹುಡುಕಿದರೆ ಆ ಕಡತ ಎಂದಿಗೂ ಮೇಲೆ ಬರುವುದಿಲ್ಲ. ಇಂಥ ಕಡತ ಯಾವ ಕಂಪ್ಯೂಟರಿನಲ್ಲಿದ್ದರೂ ಅದನ್ನು ಯೂನಿಕೋಡಿಗೆ ಪರಿವರ್ತಿಸಿಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅಂಕಿ ಮತ್ತು ಒತ್ತಕ್ಷರಗಳನ್ನು ಮೂಲದ ಜೊತೆ ಹೋಲಿಸಿ ನೋಡಿ.

ಹುಡುಕು ಯಂತ್ರಗಳ ಶಾಸ್ತ್ರದಲ್ಲಿ ನಮಗೆ ಉಪಯೋಗವಾಗುವ ಒಂದು ಮಾತಿದೆ. 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ ತೋರಿಸಿಕೊಟ್ಟದ್ದು: ಎಲ್ಲ ಪತ್ರಗಳಲ್ಲೂ ಬರುವ ಪದಕ್ಕೆ ಹುಡುಕಾಟದಲ್ಲಿ ಬೆಲೆ ಕಡಿಮೆ, ಕೆಲವೇ ಪತ್ರಗಳಲ್ಲಿ ಬರುವ ಪದಕ್ಕೆ ಬೆಲೆ ಹೆಚ್ಚು. ಕರಾರು, ಉಭಯತ್ರರು, ಸದರಿ ಎಂಬ ಮಾತುಗಳಿಂದ ಹುಡುಕಿದರೆ ಇಡೀ ಬೀರುವೇ ಎದುರಿಗೆ ಬರುತ್ತದೆ. ಗೊರಬಲು ಎಂದೋ ಹಳ್ಳದಾಚೆಯ ತೋಟದ ಹೆಸರೋ ಕೊಟ್ಟರೆ ಬೇಕಾದ ಒಂದು ಪತ್ರ ಬರುತ್ತದೆ. ಆದ್ದರಿಂದ ಕರಾರು ಬರೆಸುವಾಗಲೇ ತೋಟಕ್ಕೆ ಊರವರು ಕರೆಯುವ ಹೆಸರನ್ನು ಸರ್ವೆ ನಂಬರಿನ ಪಕ್ಕದಲ್ಲಿ ಸೇರಿಸಿ. ಮುಂದೆ ಹುಡುಕುವ ಮಗಳಿಗೋ ಮೊಮ್ಮಗನಿಗೋ ಆ ಹೆಸರೇ ನೆನಪಿರುವುದು.

ಈಗ ಕೆಲಸದ ಮಾತು. ನನ್ನ ಅಭಿಪ್ರಾಯ ಖಚಿತವಾಗಿದೆ: ಮೊದಲು ಒಂದು ಸೂಚಿ ಪುಸ್ತಕ, ಆಮೇಲೆ ಸ್ಕ್ಯಾನು, ಎಲ್ಲಕ್ಕೂ ಕೊನೆಗೆ ತಂತ್ರಾಂಶ. ಇದನ್ನು ತಿರುಗುಮುರುಗು ಮಾಡಿದವರು ದುಡ್ಡು ಕಳೆದುಕೊಳ್ಳುತ್ತಾರೆ. ಸೂಚಿ ಉದ್ದನೆಯ ರಿಜಿಸ್ಟರ್ ಪುಸ್ತಕವಾಗಲಿ, ಕಂಪ್ಯೂಟರಿನ ಕೋಷ್ಟಕವಾಗಲಿ, ಪ್ರತಿ ಪತ್ರಕ್ಕೂ ಒಂದು ಸಾಲು. ಬದಲಾಗದ ಕ್ರಮಸಂಖ್ಯೆ, ಬರೆದ ದಿನ, ಎರಡೂ ಕಡೆಯವರ ಪೂರ್ತಿ ಹೆಸರು ಮತ್ತು ತಂದೆಯ ಅಥವಾ ಗಂಡನ ಹೆಸರು, ಕರಾರಿನ ಬಗೆ, ಜಾಗದ ಸರ್ವೆ ನಂಬರು ಮತ್ತು ಊರವರು ಕರೆಯುವ ಹೆಸರು, ಮೊಬಲಗು, ಮುಗಿಯುವ ದಿನ, ನವೀಕರಣಕ್ಕೆ ಮುಂಚೆ ತಿಳಿಸಬೇಕಾದ ದಿನ, ಮೂಲ ಪತ್ರ ಇರುವ ಜಾಗ. ಇ-ಸ್ಟಾಂಪ್ ಇದ್ದರೆ ಅದರ ಪ್ರಮಾಣಪತ್ರ ಸಂಖ್ಯೆಯನ್ನೂ ಬರೆದುಕೊಳ್ಳಿ, ಅದು ಮತ್ತೊಂದು ಪತ್ರಕ್ಕೆ ಇರುವುದಿಲ್ಲ. ಕರಾರಿನ ಬಗೆಗೆ ಒಂದು ಚಿಕ್ಕ ಪಟ್ಟಿ ಮಾಡಿಕೊಂಡು ಅದರಲ್ಲಿರುವ ಮಾತನ್ನೇ ಬಳಸಿ: ಪತ್ರದೊಳಗೆ ಗುತ್ತಿಗೆ ಎಂದಿರಲಿ, ಲೀಸು ಎಂದಿರಲಿ, ಸೂಚಿಯಲ್ಲಿ ಒಂದೇ ಮಾತು. ಊರಿನ ಹೆಸರಿಗೂ ಹಾಗೇ. ಬ್ಲೇರ್ ಮತ್ತು ಮ್ಯಾರನ್ ಕಂಡ ರೋಗಕ್ಕೆ ಅರ್ಧ ಮದ್ದು ಇಷ್ಟರಲ್ಲೇ ಇದೆ.

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುವವರ ಸಮಯ ಉಳಿಸಬೇಕು ಎಂಬುದು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇವತ್ತಿಗೂ ಇದೆ. ವ್ಯಾಪಾರಿಗಳಿಗೂ ಆ ಸೂತ್ರ ಸಲ್ಲುತ್ತದೆ. ಪತ್ರ ಇಡುವ ದಿನ ಗುಮಾಸ್ತರು ಕೊಡುವ ಐದು ನಿಮಿಷ ಮುಂದೆ ಯಾರದೋ ಎರಡು ದಿನ ಉಳಿಸುತ್ತದೆ.

ಸ್ಕ್ಯಾನ್ ಮಾಡುವಾಗ ಮೊಬೈಲ್ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಿಟ್ಟರೆ ಅದು ದಾಖಲೆ ಆಗುವುದಿಲ್ಲ. ಫೋನು ಹೋದರೆ ಅದೂ ಹೋಯಿತು, ಅಕ್ಷರವೂ ಮಸುಕು. ಹಿಂಬದಿಯ ಮುದ್ರೆ, ಷರಾ ಬಿಡದೆ ಪೂರ್ತಿ ಸ್ಕ್ಯಾನ್ ಮಾಡಿ ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಸೂಚಿಯ ಕ್ರಮಸಂಖ್ಯೆ ಇಡಿ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಮೂಲ ಪತ್ರವನ್ನು ಎಸೆಯಬೇಡಿ, ಲ್ಯಾಮಿನೇಷನ್ನೂ ಮಾಡಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಯಾರು, ಯಾವಾಗ, ಯಾವ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು ಎಂಬ ಒಂದು ಸಾಲು ಬರೆದಿಟ್ಟಿದ್ದರೆ ಅಂದು ಪರದಾಡಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ಕರಾರು ಓದಿ ಕಲಮು ಹುಡುಕಿಕೊಡುವ ಯಂತ್ರಗಳು ಬಂದಿವೆ, ಪದ ಬೇರೆಯಾದರೂ ಅರ್ಥ ಹಿಡಿದು ಹುಡುಕುವ ಶಕ್ತಿ ಅವಕ್ಕೆ ಬಂದಿದೆ. ಇದು ದೊಡ್ಡ ಮುನ್ನಡೆ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅವು ಯಾವ ಪತ್ರಗಳಿಂದ ಕಲಿತಿವೆ? 2021ರಲ್ಲಿ ಅಮೆರಿಕದ ಅಟಿಕಸ್ ಪ್ರಾಜೆಕ್ಟ್ ಬಿಡುಗಡೆ ಮಾಡಿದ ಹೆಸರಾಂತ ಸಂಗ್ರಹದಲ್ಲಿ 510 ವಾಣಿಜ್ಯ ಕರಾರುಗಳಿವೆ. ಕಾನೂನು ಬಲ್ಲವರು ಕೂತು 41 ಬಗೆಯ ಕಲಮುಗಳನ್ನು 13,000ಕ್ಕೂ ಹೆಚ್ಚು ಕಡೆ ಗುರುತು ಹಾಕಿದ್ದಾರೆ. ಎಲ್ಲವೂ ಇಂಗ್ಲಿಷು. ಕೊಳೆ ಬಂದರೆ ನಷ್ಟ ಯಾರಿಗೆ ಎಂಬ ಕಲಮು ಆ 41ರಲ್ಲಿ ಇಲ್ಲ. ಆ ಕೆಲಸವನ್ನು ನಮ್ಮ ಪತ್ರಗಳಿಗೆ ನಾವೇ ಮಾಡಬೇಕು. ಅಲ್ಲಿಯವರೆಗೆ ಯಂತ್ರ ಕೊಟ್ಟ ಉತ್ತರವನ್ನು ಮೂಲದ ಪುಟ ತೆಗೆದು ನೋಡದೆ ನಂಬಬೇಡಿ. ಆಧಾರ್ ಪ್ರತಿ, ಬ್ಯಾಂಕ್ ಖಾತೆ ಇರುವ ಪತ್ರಗಳನ್ನು ಕಂಡ ಕಂಡ ಉಚಿತ ತಾಣಕ್ಕೆ ಏರಿಸಬೇಡಿ. ಅದರಲ್ಲಿರುವುದು ನಿಮ್ಮೊಬ್ಬರ ಗುಟ್ಟಲ್ಲ.

ಕೊನೆಯದಾಗಿ ಸಂಸ್ಥೆಗಳ ಬಗ್ಗೆ ಒಂದು ಮಾತು. ಸಹಕಾರದಲ್ಲಿ ಈ ಸೀಮೆಗೆ ದೊಡ್ಡ ಹೆಸರಿದೆ. ಅಡಿಕೆ ಬೆಳೆಗಾರರ ಮ್ಯಾಮ್ಕೋಸ್ 1939ರಿಂದ ಇದೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಮಲೆನಾಡಿನ ಹಳ್ಳಿಹಳ್ಳಿಗೆ ಬಸ್ಸು ಓಡಿಸಿ 2020ರ ಫೆಬ್ರವರಿಯಲ್ಲಿ ಸಂಚಾರ ನಿಲ್ಲಿಸಿತು. ಅಂಥ ಸಂಸ್ಥೆಯ ಕರಾರುಗಳು, ಪರ್ಮಿಟ್ಟುಗಳು, ಕಾರ್ಮಿಕರ ಒಪ್ಪಂದಗಳು ದೇಶದ ಸಹಕಾರ ಚರಿತ್ರೆಗೆ ಸೇರಿದ ಆಸ್ತಿ. ಯಾವ ಸಂಘವೇ ಆಗಲಿ, ನಡೆಯುತ್ತಿರುವಾಗಲೇ ತನ್ನ ಪತ್ರಗಳ ಸೂಚಿ ಮಾಡಿಟ್ಟರೆ ಮುಂದೆ ಬರುವ ಆಡಳಿತ ಮಂಡಳಿಗೂ ಲೆಕ್ಕಪರಿಶೋಧಕರಿಗೂ ಇತಿಹಾಸ ಬರೆಯುವವರಿಗೂ ಅದು ಸಿಗುತ್ತದೆ.

ಒಂಟಿ ಬೆಳೆಗಾರರು, ಸಣ್ಣ ಅಂಗಡಿಯವರು ಇದನ್ನೆಲ್ಲ ಒಬ್ಬೊಬ್ಬರೇ ಮಾಡಿಕೊಳ್ಳಲಿ ಎಂದು ನಾನು ಹೇಳಲಾರೆ. ಇಲ್ಲಿ ಕೂತಿರುವ ಸಹಕಾರ ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ ಇದು. ಬರುವ ಕೊಯ್ಲಿಗೆ ಮುಂಚೆ ಮೂರೂ ತಾಲ್ಲೂಕಿನವರು ಒಟ್ಟಿಗೆ ಕೂತು ಚೇಣಿ ಕರಾರಿಗೆ ಒಂದು ಸರಳ ಕನ್ನಡ ನಮೂನೆ ಸಿದ್ಧಪಡಿಸಿ. ಕೊಳೆ, ಎಲೆಚುಕ್ಕಿ, ಅಕಾಲ ಮಳೆಯ ನಷ್ಟ ಯಾರಿಗೆ ಎಂಬ ಕಲಮಿಗೆ ಅದರಲ್ಲಿ ತನ್ನದೇ ಸಂಖ್ಯೆ ಇರಲಿ. ಸಂಘದಲ್ಲಿ ಒಂದು ಸೂಚಿ ಪುಸ್ತಕ ಇಟ್ಟು, ಸದಸ್ಯರು ಒಪ್ಪಿ ತಂದ ಕರಾರುಗಳ ಸಾಲನ್ನು ಅದರಲ್ಲಿ ಬರೆದುಕೊಡಿ. ಕರಾರಿನ ಒಳವಿವರ ಸದಸ್ಯರ ಬಳಿಯೇ ಇರಲಿ, ಸೂಚಿ ಮಾತ್ರ ಸಂಘದಲ್ಲಿರಲಿ. ಕಾಲೇಜಿನ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಈ ಕೆಲಸಕ್ಕೆ ಕರೆಯಿರಿ, ಅವರಿಗೆ ಸಂಭಾವನೆ ಕೊಡಿ. ಮೊದಲ ವರ್ಷ ನೂರು ಪತ್ರ ಸೂಚಿಗೆ ಬಂದರೂ ಸಾಕು, ಆರಂಭಿಸಿ.